ತಲೆಗೆ ಡೈ ಹಚ್ಚುವ ಮುಂಚೆ: ಕಡಿತ, ಊತ, ಅಲರ್ಜಿ ಬಗ್ಗೆ ಒಂದಿಷ್ಟು ತಿಳುವಳಿಕೆ



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆಸಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಆದ ಮೇಲೆ ಒಂದಿಷ್ಟು ಹೊತ್ತು ಮನೆ ಮಾತು ನಡೆಯುತ್ತದಲ್ಲ, ಆಗ ಪದೇ ಪದೇ ಬರುವ ವಿಷಯಗಳಲ್ಲಿ ತಲೆಗೆ ಹಚ್ಚುವ ಡೈ ಒಂದು. "ಹಚ್ಚಿದ ಮಾರನೇ ದಿನದಿಂದ ತಲೆಯೆಲ್ಲ ಕಡಿತ", "ಬೆಳಿಗ್ಗೆ ಎದ್ದರೆ ಕಣ್ಣೇ ಬಿಡಕ್ಕಾಗದಷ್ಟು ಮುಖ ಊದಿತ್ತು", "ಕಿವಿ ಹಿಂದೆ ನೀರು ಸೋರ್ತಾ ಇದೆ". ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ, ಯಾವ ಕಡೆಯ ಸಂಘಕ್ಕೆ ಹೋದರೂ ಇಂಥ ಮಾತು ಕೇಳುತ್ತೇವೆ. ಆದರೆ ಹೆಚ್ಚಿನವರು ಇದನ್ನು ಡೈಗೆ ಸೇರಿಸಿ ನೋಡುವುದೇ ಇಲ್ಲ. ಮೈ ಉಷ್ಣ ಆಯ್ತು ಅಂತಲೋ, ಬದನೆಕಾಯಿ ನಂಜು, ಮೀನು ನಂಜು ಅಂತಲೋ ಹೇಳಿ ಸುಮ್ಮನಾಗುತ್ತಾರೆ. ಮುಂದಿನ ತಿಂಗಳು ಮತ್ತೆ ಅದೇ ಪ್ಯಾಕೆಟ್ ಒಡೆಯುತ್ತಾರೆ. ಎರಡನೇ ಸಲ ಊತ ಮೊದಲನೆಯದಕ್ಕಿಂತ ಜೋರಾಗಿರುತ್ತದೆ.

ಡೈ ಹಚ್ಚಲೇಬೇಡಿ ಅಂತ ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ನಮ್ಮ ಸದಸ್ಯೆಯರು ಸೊಗಸಿಗೆ ಮಾತ್ರ ಹಚ್ಚುವುದಲ್ಲ ಅನ್ನೋದು ನಮಗೆ ಗೊತ್ತು. ಇಂದಿರಾನಗರದ ಕಡೆ ಮನೆಗೆಲಸ, ಅಡುಗೆ ಕೆಲಸಕ್ಕೆ ಹೋಗುವವರು, ಅಂಗಡಿಯಲ್ಲಿ ನಿಲ್ಲುವವರು, ನರ್ಸಿಂಗ್ ಹೋಮ್‌ನಲ್ಲಿ ಆಯಾ ಕೆಲಸ ಮಾಡುವವರು ಹೇಳುವ ಮಾತು ಒಂದೇ: ತಲೆ ನರೆತದ್ದು ಕಂಡರೆ "ಇವರಿಗೆ ವಯಸ್ಸಾಯ್ತು, ಇನ್ನು ಕೈಲಾಗಲ್ಲ" ಅಂತ ಬೇರೆಯವರನ್ನು ಹುಡುಕುತ್ತಾರೆ. ಹೊಟ್ಟೆಪಾಡಿಗೆ ಹಚ್ಚುವವರಿಗೆ ಬಿಟ್ಟುಬಿಡಿ ಅಂದರೆ ಅದು ಉಪಯೋಗಕ್ಕೆ ಬರುವ ಮಾತಲ್ಲ. ಹಚ್ಚುವ ವಸ್ತು ಏನು, ಅದು ಯಾರಿಗೆ ಆಗುವುದಿಲ್ಲ, ಆಗದಿದ್ದರೆ ಮುಂದೇನು, ಇಷ್ಟು ತಿಳಿದಿರಬೇಕು.

ಪ್ಯಾಕೆಟ್ ಒಳಗೆ ಏನಿದೆ?

ಕೂದಲು ಕಪ್ಪಾಗಿ ಹಲವು ವಾರ ನಿಲ್ಲಬೇಕಾದರೆ ಹೆಚ್ಚಿನ ಡೈಗಳಲ್ಲಿ ಇರುವ ಮುಖ್ಯ ವಸ್ತು ಪ್ಯಾರಾ ಫಿನೈಲೀನ್ ಡೈಅಮೈನ್. ಉದ್ದ ಹೆಸರು, ಆದ್ದರಿಂದ ವೈದ್ಯರು ಪಿಪಿಡಿ ಅಂತ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ. 19ನೇ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಇದನ್ನು ಕೂದಲಿಗೆ ಹಚ್ಚಲು ಶುರು ಮಾಡಿದರು. ಇವತ್ತಿಗೂ ಇದಕ್ಕೆ ಸರಿಸಮ ಕಪ್ಪು ಕೊಡುವ ಅಗ್ಗದ ವಸ್ತು ಸಿಕ್ಕಿಲ್ಲ, ಅದಕ್ಕೇ ಇದು ಉಳಿದುಕೊಂಡಿದೆ.

ಇದು ಕೆಲಸ ಮಾಡುವ ರೀತಿ ನಮ್ಮ ಅಡುಗೆಮನೆಯಲ್ಲೇ ಇದೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಹಾಗೇ ಬಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಪಿಪಿಡಿ ಕೂಡ ಹಾಗೆ. ಮೊದಲಿಗೆ ಅದಕ್ಕೆ ಹೆಚ್ಚು ಬಣ್ಣ ಇರುವುದಿಲ್ಲ. ಅದರ ಜೊತೆ ಆಮ್ಲಜನಕ ಬಿಡುವ ಇನ್ನೊಂದು ವಸ್ತು ಸೇರಬೇಕು. ಕ್ರೀಮ್ ಡೈಯಲ್ಲಿ ಎರಡು ಟ್ಯೂಬ್ ಅಥವಾ ಬಾಟಲಿ ಕೊಡುವುದು ಅದಕ್ಕೇ, ಎರಡನೆಯದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತೆ. ನೀರಲ್ಲಿ ಕಲಸುವ ಪುಡಿಯಲ್ಲಿ ಆ ಎರಡನೇ ವಸ್ತುವೂ ಪುಡಿಯಾಗಿಯೇ ಬೆರೆತಿರುತ್ತೆ, ನೀರು ತಾಗಿದ ಕೂಡಲೇ ಕೆಲಸ ಶುರು. ಪಿಪಿಡಿಯ ಚಿಕ್ಕ ಕಣಗಳು ಕೂದಲಿನ ಒಳಗೆ ನುಗ್ಗಿ, ಅಲ್ಲಿ ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗಿ, ಕಪ್ಪು ಬಣ್ಣಕ್ಕೆ ತಿರುಗಿ ಹೊರಗೆ ಬರಲಾಗದೆ ಉಳಿಯುತ್ತವೆ. ಅದಕ್ಕೇ ತೊಳೆದರೂ ಹೋಗುವುದಿಲ್ಲ.

ತೊಂದರೆ ಬರುವುದೂ ಆ ಅರ್ಧ ಗಂಟೆಯಲ್ಲೇ. ಬಣ್ಣಕ್ಕೆ ತಿರುಗುತ್ತಿರುವ ಚಿಕ್ಕ ಕಣಗಳು ಕೂದಲಿಗೆ ಹೋದ ಹಾಗೆ ತಲೆಯ ಚರ್ಮದೊಳಗೂ ಹೋಗುತ್ತವೆ. ಪೂರ್ತಿ ಕಪ್ಪಾಗಿ ನಿಂತ ಕೂದಲಿನಿಂದ ಅಷ್ಟು ಅಪಾಯವಿಲ್ಲ.

20ನೇ ಶತಮಾನದಲ್ಲಿ ಜರ್ಮನಿ, ಫ್ರಾನ್ಸ್, ಸ್ವೀಡನ್ ದೇಶಗಳು ಅಲರ್ಜಿಯ ಕಾರಣಕ್ಕೆ ತಲೆಯ ಡೈಗಳಲ್ಲಿ ಇದನ್ನು ಒಂದು ಕಾಲಕ್ಕೆ ನಿಷೇಧಿಸಿದ್ದವು. ಈಗ ಯೂರೋಪಿನ ಒಕ್ಕೂಟ ಮಿತಿ ಹಾಕಿ ಬಿಟ್ಟಿದೆ. ಕಲಸಿ ತಲೆಗೆ ಹಚ್ಚುವ ಹೊತ್ತಿಗೆ ಅದರಲ್ಲಿ ಪಿಪಿಡಿ ನೂರಕ್ಕೆ 2 ಭಾಗ ದಾಟಬಾರದು. 2006ರಲ್ಲಿ ಅಮೆರಿಕದ ಚರ್ಮದ ಅಲರ್ಜಿ ವೈದ್ಯರ ಸಂಘ ಪಿಪಿಡಿಯನ್ನು ಆ ವರ್ಷದ ಅಲರ್ಜಿ ವಸ್ತು ಎಂದು ಹೆಸರಿಸಿ ಎಲ್ಲರ ಗಮನ ಸೆಳೆಯಿತು.

ಉರಿ ಬೇರೆ, ಅಲರ್ಜಿ ಬೇರೆ

ಎರಡನ್ನೂ ನಾವು "ಡೈ ಆಗಲಿಲ್ಲ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಇವೆರಡೂ ಬೇರೆ ಬೇರೆ, ಮುಂದೆ ಮಾಡಬೇಕಾದದ್ದೂ ಬೇರೆ.

ಉರಿ ಅಂದರೆ ಹಚ್ಚಿದ ಹತ್ತು ಹದಿನೈದು ನಿಮಿಷದಲ್ಲೇ ಚುರುಚುರು ಅನ್ನುವುದು. ಡೈಯಲ್ಲಿರುವ ಅಮೋನಿಯದಂಥ ಖಾರದ ವಸ್ತು, ಪೆರಾಕ್ಸೈಡ್, ಇವು ಯಾರ ಚರ್ಮವನ್ನಾದರೂ ಕೆಣಕಬಲ್ಲವು. ತಲೆ ಹೊಟ್ಟಿಗೆ ಕೆರೆದುಕೊಂಡು ಗಾಯ ಆಗಿದ್ದರೆ, ಹೇನಿಗೆ ಬಾಚಣಿಗೆ ಹಾಕಿ ಗೀರಿದ್ದರೆ, ಹೇಳಿದ ಹೊತ್ತಿಗಿಂತ ಜಾಸ್ತಿ ಬಿಟ್ಟಿದ್ದರೆ ಉರಿ ಹೆಚ್ಚು. ತಾಗಿದ ಜಾಗದಲ್ಲಿ ಮಾತ್ರ ಕೆಂಪಾಗುತ್ತೆ. ತೊಳೆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ.

ಅಲರ್ಜಿ ಹಾಗಲ್ಲ. ಹಚ್ಚಿದಾಗ ಏನೂ ಗೊತ್ತಾಗುವುದಿಲ್ಲ. ತಲೆ ತೊಳೆದು, ಒಣಗಿಸಿ, ಜಡೆ ಹಾಕಿಕೊಂಡು ಕೆಲಸಕ್ಕೆ ಹೋಗಿ ಬರುತ್ತೀರಿ. ಅದೇ ರಾತ್ರಿಯೋ ಮಾರನೇ ದಿನವೋ, ಕೆಲವರಿಗೆ ಮೂರನೇ ದಿನವೋ ಕಡಿತ ಶುರುವಾಗುತ್ತೆ. ಹಣೆಯ ಅಂಚು, ಕಿವಿಯ ಮೇಲ್ಭಾಗ, ಕಿವಿ ಹಿಂದೆ, ಕತ್ತಿನ ಹಿಂಭಾಗ, ಕಣ್ಣಿನ ರೆಪ್ಪೆ, ಇಲ್ಲೆಲ್ಲ ಕೆಂಪು, ಊತ, ಸಣ್ಣ ನೀರುಗುಳ್ಳೆ. ಜೋರಾದರೆ ಗುಳ್ಳೆ ಒಡೆದು ನೀರು ಸೋರಿ ಹಕ್ಕಳೆ ಕಟ್ಟುತ್ತೆ. ಹಚ್ಚಿದ್ದು ತಲೆಗೆ, ಊದಿದ್ದು ಮುಖ. ಏಕೆಂದರೆ ತಲೆಯ ಚರ್ಮ ದಪ್ಪ, ರೆಪ್ಪೆಯ ಚರ್ಮ ತೆಳು. ತೊಳೆಯುವಾಗ ಇಳಿದ ನೀರು, ಬೆವರು, ದಿಂಬಿನ ಬಟ್ಟೆ, ಇವುಗಳಿಂದ ತಾಗಿದ ಅಷ್ಟೇ ಅಷ್ಟು ಡೈ ಸಾಕು. ಎರಡು ದಿನ ಕಳೆದು ಬರುವುದರಿಂದಲೇ ಜನ ಡೈಯನ್ನು ಮರೆತು, ಹಿಂದಿನ ರಾತ್ರಿ ತಿಂದ ಮೀನಿನ ಮೇಲೆ ತಪ್ಪು ಹೊರಿಸುವುದು!

"ಇಪ್ಪತ್ತು ವರ್ಷದಿಂದ ಇದೇ ಹಚ್ತಾ ಇದ್ದೀನಿ, ಈಗ ಯಾಕೆ ಆಗಬೇಕು?" ಅಂತ ಕೇಳುವವರು ಬಹಳ. ಇದರ ಉತ್ತರ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ದೇಹದಲ್ಲಿ ರೋಗದ ವಿರುದ್ಧ ಹೋರಾಡುವ ಕಾವಲು ಕಣಗಳಿವೆ. ಪಿಪಿಡಿ ಚರ್ಮದೊಳಗೆ ಹೋದಾಗ ಕೆಲವರಲ್ಲಿ ಈ ಕಾವಲಿನವರು ಅದನ್ನು ಶತ್ರು ಅಂತ ಗುರುತು ಹಿಡಿದುಬಿಡುತ್ತಾರೆ. ಆ ಗುರುತು ಹಿಡಿಯುವ ಕೆಲಸ ಮೊದಲ ಸಲದಲ್ಲೂ ಆಗಬಹುದು, ನೂರನೇ ಸಲದಲ್ಲೂ ಆಗಬಹುದು. ಒಳಗೊಳಗೇ ನಡೆಯುವುದರಿಂದ ಆಗ ಹೊರಗೆ ಏನೂ ಕಾಣದೆ ಇರಬಹುದು. ಗುರುತು ಹಿಡಿದಾದ ಮೇಲೆ ಮುಂದಿನ ಸಲ ತಾಗಿದ ಕೂಡಲೇ ಕಾವಲಿನವರೆಲ್ಲ ಅಲ್ಲಿಗೆ ಬಂದು ಸೇರುತ್ತಾರೆ, ಬಂದು ಸೇರಲು ಒಂದೆರಡು ದಿನ ಹಿಡಿಯುತ್ತೆ. ಆ ಗಲಾಟೆಯೇ ನಮಗೆ ಕಾಣುವ ಊತ. ಆದ್ದರಿಂದ ಇಷ್ಟು ವರ್ಷ ಆಗಲಿಲ್ಲ ಅನ್ನೋದು ಇನ್ನು ಮುಂದೆ ಆಗಲ್ಲ ಅನ್ನೋದಕ್ಕೆ ಗ್ಯಾರಂಟಿ ಅಲ್ಲ. ಒಮ್ಮೆ ಹಿಡಿದ ಗುರುತನ್ನು ದೇಹ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಎರಡು ವರ್ಷ ಬಿಟ್ಟು ಮತ್ತೆ ಹಚ್ಚಿ ನೋಡೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬಹಳ ಕಡಿಮೆ ಜನರಿಗೆ ಇದೆರಡೂ ಅಲ್ಲದ ಮೂರನೇ ರೀತಿ ಆಗುತ್ತೆ. ಹಚ್ಚಿದ ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ ಮೈಯೆಲ್ಲ ದದ್ದು, ತುಟಿ, ನಾಲಿಗೆ, ಗಂಟಲು ಊದುವುದು, ಉಸಿರು ಕಟ್ಟುವುದು, ತಲೆ ತಿರುಗುವುದು. ಇದು ಕಂಡರೆ ತಲೆ ತೊಳೆಯುತ್ತಾ ಕೂರುವ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿ.

"ಹರ್ಬಲ್", "ಅಮೋನಿಯ ಇಲ್ಲ", "ಕಪ್ಪು ಮೆಹಂದಿ"

ಪ್ಯಾಕೆಟ್ ಮೇಲೆ ಎಲೆ, ಹೂವು, ನೆಲ್ಲಿಕಾಯಿ ಚಿತ್ರ ಇದ್ದರೆ ಮನಸ್ಸಿಗೆ ಧೈರ್ಯ ಬರುತ್ತದೆ, ನಿಜ. ಆದರೆ ಚಿತ್ರ ನೋಡಿ ಕೊಳ್ಳಬೇಡಿ, ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. ಕಣ್ಣು ಕಾಣದಿದ್ದರೆ ಓದುವ ಮಕ್ಕಳಿಂದ ಓದಿಸಿ. ಅಮೋನಿಯ ಇಲ್ಲ ಅಂದರೆ ಅಮೋನಿಯ ಇಲ್ಲ ಅಂತ ಮಾತ್ರ ಅರ್ಥ. ಮೂಗಿಗೆ ವಾಸನೆ ಕಡಿಮೆ, ಉರಿಯೂ ಸ್ವಲ್ಪ ಕಡಿಮೆ ಇರಬಹುದು, ಪಿಪಿಡಿ ಮಾತ್ರ ಒಳಗೇ ಇರಬಹುದು. ಶಾಂಪೂ ತರಹ ಹಚ್ಚಿ ಕೆಲವೇ ನಿಮಿಷದಲ್ಲಿ ಕೂದಲು ಕಪ್ಪಾಗಿಸುವ ಡೈಗಳನ್ನೂ ಹೀಗೇ ಓದಿ ನೋಡಬೇಕು. ಕೆಲವು ಕಂಪನಿಗಳು ಪಿಪಿಡಿ ಬದಲು ಅದರ ತಂಗಿಯಂಥ ಟೊಲ್ಯುಯೀನ್ ಡೈಅಮೈನ್ ಹಾಕುತ್ತವೆ. ಪಿಪಿಡಿ ಆಗದ ಎಷ್ಟೋ ಜನರಿಗೆ ಇದೂ ಆಗುವುದಿಲ್ಲ.

ಮೆಹಂದಿಯ ಮಾತು ಬೇರೆಯೇ ಹೇಳಬೇಕು. ಕನ್ನಡದಲ್ಲಿ ಗೋರಂಟಿ, ಮದರಂಗಿ ಅನ್ನಿ, ತಮಿಳಿನ ಮನೆಗಳಲ್ಲಿ ಮರುದಾಣಿ ಅನ್ನಿ, ಎಲ್ಲ ಒಂದೇ ಗಿಡ. ಆ ಎಲೆಯಲ್ಲಿರುವ ಬಣ್ಣ ಕಿತ್ತಳೆಯಿಂದ ಕಡುಗೆಂಪಿನವರೆಗೆ ಬರುತ್ತೆ. ಕೈಗೆ ಹಚ್ಚಿದರೆ ಒಂದೆರಡು ದಿನದಲ್ಲಿ ಗಾಢವಾಗುತ್ತೆ. ಅದು ಯಾವತ್ತೂ ತಾನಾಗಿಯೇ ಇದ್ದಿಲ ಹಾಗೆ ಕಪ್ಪಾಗುವುದಿಲ್ಲ, ಹತ್ತು ನಿಮಿಷದಲ್ಲಂತೂ ಆಗುವುದೇ ಇಲ್ಲ. "ಕಪ್ಪು ಮೆಹಂದಿ" ಅಂತ ಕಪ್ಪು ಬಣ್ಣ ತೋರಿಸಿದರೆ ಅದಕ್ಕೆ ಏನೋ ಸೇರಿಸಿದ್ದಾರೆ ಅಂತಲೇ ಲೆಕ್ಕ. ಆ ಸೇರಿಸಿದ್ದು ಹೆಚ್ಚಾಗಿ ಪಿಪಿಡಿಯೇ, ಅದೂ ಎಷ್ಟು ಹಾಕಿದ್ದಾರೆ ಅನ್ನುವ ಅಳತೆ ಇಲ್ಲದೆ. ರಂಜಾನ್ ಹೊತ್ತಿಗೆ, ಮದುವೆ ಸೀಸನ್‌ನಲ್ಲಿ ಶಿವಾಜಿನಗರದ ಬೀದಿಗಳಲ್ಲಿ ಕೋನ್ ರಾಶಿ ಬೀಳುತ್ತದೆ. ಹೆಣ್ಣುಮಕ್ಕಳಿಗೆ ಅದು ಸಂಭ್ರಮ. ಕಂದು ಕೆಂಪು ಬಣ್ಣದ, ಹೆಸರು ವಿಳಾಸ ಇರುವ ಕೋನ್ ತನ್ನಿ. ಕಪ್ಪು ಕೋನ್ ಮಕ್ಕಳ ಕೈಗೆ ಹಾಕಿಸಲೇಬೇಡಿ. ಚಿತ್ರ ಹಾಕಿದ ಗೆರೆಗೆ ಸರಿಯಾಗಿ ಗುಳ್ಳೆ ಎದ್ದು, ಗಾಯ ಮಾಗಿದ ಮೇಲೂ ತಿಂಗಳುಗಟ್ಟಲೆ ಕಲೆ ಉಳಿಯುತ್ತೆ. ಅದಕ್ಕಿಂತ ಮುಖ್ಯವಾಗಿ, ಹತ್ತು ವರ್ಷದ ಹುಡುಗಿಯ ದೇಹ ಅವತ್ತೇ ಪಿಪಿಡಿಯ ಗುರುತು ಹಿಡಿದುಬಿಟ್ಟರೆ, ನಲವತ್ತನೇ ವಯಸ್ಸಿಗೆ ಅವಳು ಮೊದಲ ಸಲ ಡೈ ಹಚ್ಚಿದ ದಿನವೇ ಮುಖ ಊದುತ್ತೆ. ಕಾರಣ ಏನು ಅಂತ ಅವಳಿಗೆ ನೆನಪೂ ಇರುವುದಿಲ್ಲ.

(ಎಳೆ ಕೂಸುಗಳಿಗೆ ಶುದ್ಧ ಮೆಹಂದಿ ಕೂಡ ಹಚ್ಚಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದ ರಕ್ತದಲ್ಲಿ ಒಂದು ಕಿಣ್ವದ ಕೊರತೆ ಇರುತ್ತೆ, ಅಂಥವರಿಗೆ ಮೆಹಂದಿಯಿಂದ ರಕ್ತಕಣ ಒಡೆದು ಕಾಮಾಲೆ ಆದದ್ದಿದೆ.)

ಎರಡು ದಿನ ಮುಂಚೆ ಮಾಡುವ ಪರೀಕ್ಷೆ

ಡೈ ಪ್ಯಾಕೆಟ್ ಒಳಗೆ ಒಂದು ಮಡಚಿದ ಚೀಟಿ ಇರುತ್ತದೆ. ನಾವೆಲ್ಲ ಅದನ್ನು ಕಸಕ್ಕೆ ಹಾಕುವವರೇ. ಆ ಚೀಟಿ ಕಂಪನಿಯವರು ಮನಸ್ಸು ಬಂದು ಹಾಕಿದ್ದಲ್ಲ, ಕಾನೂನು ಹಾಕಿಸಿದ್ದು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗೆ ಬಂದ ನಿಯಮಗಳ ಪ್ರಕಾರ ತಲೆಯ ಡೈ ಮೇಲೆ ಎಚ್ಚರಿಕೆ ಇರಬೇಕು, ಒಳಗೆ ಪರೀಕ್ಷೆ ಮಾಡುವ ವಿಧಾನ ಇರಬೇಕು, ಅದೂ ಇಂಗ್ಲಿಷಿನಲ್ಲಿ ಮಾತ್ರ ಅಲ್ಲ, ಸ್ಥಳೀಯ ಭಾಷೆಗಳಲ್ಲೂ. ರೆಪ್ಪೆಗೆ, ಹುಬ್ಬಿಗೆ ಹಚ್ಚಬಾರದು, ಹಚ್ಚಿದರೆ ಕಣ್ಣು ಹೋಗಬಹುದು ಅಂತಲೂ ಬರೆದಿರಬೇಕು.

ಹುಬ್ಬಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆ ಕಪ್ಪಾಗಿಸುವ "ಲ್ಯಾಷ್ ಲೂರ್" ಅನ್ನುವ ಬಣ್ಣ ಮಾರುತ್ತಿದ್ದರು, ಅದರಲ್ಲಿ ಇದ್ದದ್ದು ಇದೇ ಜಾತಿಯ ರಾಸಾಯನಿಕ. ಹಚ್ಚಿಸಿಕೊಂಡವರಲ್ಲಿ ಕಣ್ಣು ಕಳೆದುಕೊಂಡವರಿದ್ದಾರೆ, ಪ್ರಾಣವೂ ಹೋಗಿದೆ. ಆಗಿನ ಕಾನೂನಿನಲ್ಲಿ ಅದನ್ನು ಅಂಗಡಿಯಿಂದ ತೆಗೆಸಲು ಅವಕಾಶವೇ ಇರಲಿಲ್ಲ. ಸೌಂದರ್ಯವರ್ಧಕಗಳನ್ನೂ ಹತೋಟಿಗೆ ತಂದ 1938ರ ಕಾನೂನು ಅಲ್ಲಿ ಬರಲು ಇಂಥ ಘಟನೆಗಳೂ ಕಾರಣ. ಪಾರ್ಲರ್‌ನಲ್ಲಿ "ಹುಬ್ಬಿಗೂ ಸ್ವಲ್ಪ ಎಳೆದುಬಿಡ್ಲಾ ಆಂಟಿ?" ಅಂತ ಕೇಳಿದರೆ ಬೇಡ ಅನ್ನಿ. ಗಂಡಸರ ಮೀಸೆಗೂ ಹುಷಾರು, ಮೂಗು ತುಟಿ ಪಕ್ಕದಲ್ಲೇ ಇದೆ.

ಈಗ ಪರೀಕ್ಷೆ. ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯ ಹತ್ತಿರ ಸ್ವಲ್ಪ ಜಾಗವನ್ನು ಸೋಪು ನೀರಿನಿಂದ ತೊಳೆದು ಒರೆಸಿ. ತಲೆಗೆ ಹೇಗೆ ಕಲಸುತ್ತೀರೋ ಹಾಗೆಯೇ, ಆದರೆ ಚಿಟಿಕೆಯಷ್ಟು ಮಾತ್ರ ಡೈ ಕಲಸಿ. ಒಂದು ರೂಪಾಯಿ ಬಿಲ್ಲೆಗಿಂತ ಚಿಕ್ಕದಾಗಿ ಹಚ್ಚಿ, ಒಣಗಲು ಬಿಡಿ. ಬಟ್ಟೆ, ಪ್ಲಾಸ್ಟರ್ ಏನೂ ಕಟ್ಟಬೇಡಿ. ನಿಯಮದಲ್ಲಿ ಹೇಳಿರುವುದು 24 ಗಂಟೆ ಬಿಟ್ಟು ತೊಳೆದು ನೋಡಿ ಅಂತ. ಆದರೆ ಅಲರ್ಜಿ ಎರಡನೇ ದಿನ ಬರುವುದೇ ಹೆಚ್ಚು ಅಂತ ಮೇಲೆ ಹೇಳಿದೆವಲ್ಲ, ಆದ್ದರಿಂದ ತೊಳೆದ ಮೇಲೂ ಇನ್ನೊಂದು ದಿನ, ಒಟ್ಟು 48 ಗಂಟೆ ಕಾದು ನೋಡುವುದು ಕ್ಷೇಮ. ಈ ಮಧ್ಯೆ ಉರಿ, ಕಡಿತ, ಗುಳ್ಳೆ ಬಂದರೆ ಆಗಲೇ ತೊಳೆದುಬಿಡಿ. ಆ ಡೈ ನಿಮ್ಮದಲ್ಲ. ಸ್ವಲ್ಪವೇ ಕೆಂಪಾದರೂ ಅಷ್ಟೇ, "ಇಷ್ಟೇ ತಾನೇ" ಅಂತ ತಲೆಗೆ ಹಚ್ಚಬೇಡಿ.

"ಒಂದು ಪ್ಯಾಕೆಟ್ ಒಡೆದರೆ ಉಳಿದದ್ದು ಹಾಳಾಗಲ್ವಾ?" ಪುಡಿಗೆ ನೀರು ತಾಗದಿದ್ದರೆ ಹಾಳಾಗುವುದಿಲ್ಲ. ಬಾಯಿ ಎರಡು ಮಡಿಕೆ ಮಡಚಿ, ಬಟ್ಟೆ ಕ್ಲಿಪ್ಪು ಹಾಕಿ, ಒಣ ಡಬ್ಬಿಯಲ್ಲಿ ಮಕ್ಕಳಿಗೆ ಎಟುಕದ ಕಡೆ ಇಡಿ. ಟ್ಯೂಬ್ ಆದರೆ ಎರಡನ್ನೂ ಬೇರೆ ಬೇರೆಯಾಗಿಯೇ ಮುಚ್ಚಿಡಿ. ಕಲಸಿದ್ದನ್ನು ಮಾತ್ರ ಇಡಬೇಡಿ. ಅದು ಗಾಳಿ ಬಿಡುತ್ತಾ ಹೋಗುತ್ತೆ, ಮುಚ್ಚಳ ಬಿಗಿದರೆ ಬಾಟಲಿ ಸಿಡಿಯಬಹುದು.

ಪ್ರತಿ ಸಲವೂ ಮಾಡಬೇಕು, ಅದೇ ಕಂಪನಿ ಆದರೂ. ಇಷ್ಟಾದರೂ ಈ ಮನೆ ಪರೀಕ್ಷೆ ನೂರಕ್ಕೆ ನೂರು ಖಾತ್ರಿ ಅಲ್ಲ, ಪರೀಕ್ಷೆಯಲ್ಲಿ ಪಾಸಾಗಿ ತಲೆಗೆ ಹಚ್ಚಿದಾಗ ಫೇಲಾಗುವವರು ಕೆಲವರಿದ್ದಾರೆ. ಮತ್ತೆ ಇನ್ನೊಂದು: ಹಿಂದೆ ಡೈಯಿಂದ ಮುಖ ಊದಿದವರು, ಕಪ್ಪು ಮೆಹಂದಿಯಿಂದ ಗುಳ್ಳೆ ಎದ್ದವರು ಮನೆಯಲ್ಲಿ ಈ ಪರೀಕ್ಷೆ ಕೂಡ ಮಾಡಬಾರದು. ಅವರು ನೇರ ಚರ್ಮದ ವೈದ್ಯರ ಹತ್ತಿರ ಹೋಗಬೇಕು.

ನಿಮ್ಮ ಹಬ್ಬ ಯಾವುದಾದರೂ ಇರಲಿ, ಶಿವಾಜಿನಗರದ ಸೆಪ್ಟೆಂಬರ್ 8ರ ಹಬ್ಬ, ಹಲಸೂರಿನ ತೇರು, ರಂಜಾನ್, ಮಗಳ ನಿಶ್ಚಿತಾರ್ಥ, ಹಿಂದಿನ ರಾತ್ರಿ ಹೊಸ ಡೈ ಹಚ್ಚುವ ಕೆಲಸ ಇಟ್ಟುಕೊಳ್ಳಬೇಡಿ. ಅಲರ್ಜಿ ಸರಿಯಾಗಿ ಫೋಟೋ ತೆಗೆಯುವ ದಿನಕ್ಕೇ ಬಂದು ಕೂರುತ್ತೆ. ಒಂದು ವಾರ ಮುಂಚೆ ಹಚ್ಚಿ.

ಹಚ್ಚುವ ದಿನ

ತಲೆಯಲ್ಲಿ ಗಾಯ, ಹುಣ್ಣು, ಕೆರೆತ ಇದ್ದರೆ ಆ ವಾರ ಬೇಡ. ಹಚ್ಚುವ ಮುಂಚೆ ತಲೆ ಗಸಗಸ ಉಜ್ಜಿ ತೊಳೆಯಬೇಡಿ, ಚರ್ಮದ ಮೇಲಿನ ಸಹಜ ಜಿಡ್ಡು ಸ್ವಲ್ಪ ರಕ್ಷಣೆ ಕೊಡುತ್ತೆ. ಹಣೆ ಅಂಚಿಗೆ, ಕಿವಿಗೆ, ಕತ್ತಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿ. ಕೈಗೆ ಗ್ಲೌಸ್ ಹಾಕಿ, ಪ್ಯಾಕೆಟ್ ಜೊತೆ ಬರುವ ತೆಳು ಗ್ಲೌಸ್ ಹರಿದಿದ್ದರೆ ಬೇರೆ ಹಾಕಿ. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆ ಬೇಡ, ಹಳೇ ಪ್ಲಾಸ್ಟಿಕ್ ಬಟ್ಟಲು ಸಾಕು, ಅದನ್ನು ಮತ್ತೆ ಅಡುಗೆಗೆ ಸೇರಿಸಬೇಡಿ. ಬೇರು ನರೆತಿದ್ದರೆ ಬೇರಿಗೆ ಕೂದಲ ಮೇಲೆ ಮಾತ್ರ ಎಳೆಯಿರಿ, ಎಣ್ಣೆ ತಿಕ್ಕಿದ ಹಾಗೆ ಬುರುಡೆಗೆ ಉಜ್ಜಬೇಡಿ. ಚೀಟಿಯಲ್ಲಿ ಅರ್ಧ ಗಂಟೆ ಅಂದರೆ ಅರ್ಧ ಗಂಟೆ. "ಇನ್ನೂ ಸ್ವಲ್ಪ ಕಪ್ಪಾಗಲಿ" ಅಂತ ಧಾರಾವಾಹಿ ಮುಗಿಯುವವರೆಗೆ ಕೂರಬೇಡಿ.

ತೊಳೆಯಲು ನೀರು ಧಾರಾಳ ಬೇಕು. ಇದನ್ನು ಯಾಕೆ ಹೇಳ್ತೀವಿ ಅಂದರೆ ಕೆ.ಆರ್. ಪುರದ ಕಡೆ 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದದ್ದು ಯಾರೂ ಮರೆತಿಲ್ಲ. ಅರ್ಧ ಬಕೆಟ್ ನೀರಿನಲ್ಲಿ ಡೈ ಪೂರ್ತಿ ಹೋಗುವುದಿಲ್ಲ, ಉಳಿದದ್ದು ರಾತ್ರಿಯೆಲ್ಲ ದಿಂಬಿನ ಮೂಲಕ ಮುಖಕ್ಕೆ ತಾಗುತ್ತೆ. ನೀರು ಬರುವ ದಿನವೇ ಹಚ್ಚಿ. ತಲೆ ಬಗ್ಗಿಸಿ ನೀರು ಮುಂದಕ್ಕೆ ಬೀಳುವ ಹಾಗೆ ತೊಳೆಯಿರಿ, ಬಣ್ಣದ ನೀರು ಬಿಡುವುದು ನಿಲ್ಲುವವರೆಗೆ.

ಡೈ ಆಗದವರಿಗೆ ಏನು ದಾರಿ? ಬರೀ ಮೆಹಂದಿ ಪುಡಿ ಹಚ್ಚಿದರೆ ನರೆ ಕೂದಲು ಕೆಂಪಾಗುತ್ತೆ. ಅದರ ಮೇಲೆ ನೀಲಿ ಗಿಡದ ಎಲೆ ಪುಡಿ ಕಲಸಿ ಎರಡನೇ ಸಲ ಹಚ್ಚಿದರೆ ಕಡುಕಂದು, ಹೆಚ್ಚುಕಡಿಮೆ ಕಪ್ಪು ಬರುತ್ತೆ. ಇದಕ್ಕೆ ಹೊತ್ತು ಬೇಕು, ಅರ್ಧ ದಿನ ಹೋಗುತ್ತೆ. ಈ ಪುಡಿಗಳಲ್ಲೂ ಬೆರಕೆ ಇರುವುದರಿಂದ ಏನೇನು ಸೇರಿದೆ ಅಂತ ಬರೆದಿರುವುದನ್ನೇ ತನ್ನಿ, ಮೇಲಿನ ಪರೀಕ್ಷೆ ಇದಕ್ಕೂ ಮಾಡಿ.

"ಡೈಯಿಂದ ಕ್ಯಾನ್ಸರ್ ಬರುತ್ತಾ?" ಅನ್ನುವ ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಮ್ಮ ತಲೆಗೆ ಹಚ್ಚಿಕೊಳ್ಳುವವರ ವಿಷಯದಲ್ಲಿ ಹೌದು ಎನ್ನಲು ಸಾಕಷ್ಟು ಸಾಕ್ಷ್ಯ ಇಲ್ಲ ಅಂತಲೂ, ದಿನವೂ ಇದೇ ಕೆಲಸ ಮಾಡುವ ಕ್ಷೌರಿಕರು, ಪಾರ್ಲರ್‌ನವರ ವಿಷಯದಲ್ಲಿ ಸಂಭವ ಇದೆ ಅಂತಲೂ ಹೇಳಿದೆ.

ಆಗಿಹೋದರೆ

ಮೊದಲು ತಣ್ಣಗಿನ ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ, ಸೌಮ್ಯ ಶಾಂಪೂ ಹಾಕಿ ಚೆನ್ನಾಗಿ ತೊಳೆಯಿರಿ. ಎರಡು ದಿನ ಕಳೆದಿದ್ದರೂ ತೊಳೆಯಿರಿ. ದಿಂಬಿನ ಕವರ್, ಟವೆಲ್, ಬಾಚಣಿಗೆ ಬದಲಿಸಿ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಊದಿದ ಕಡೆ ಹತ್ತು ನಿಮಿಷ ಇಡಿ, ಆರಾಮ ಸಿಗುತ್ತೆ. ನಿಂಬೆಹಣ್ಣು, ಸುಣ್ಣ, ಟೂತ್ ಪೇಸ್ಟ್, ಬಿಸಿ ಎಣ್ಣೆ ಹಚ್ಚಬೇಡಿ. ಸೋರುವ ಚರ್ಮಕ್ಕೆ ಇವು ಇನ್ನಷ್ಟು ಕೆಡಕು.

ಮೆಡಿಕಲ್ ಶಾಪಿನ ಟ್ಯೂಬ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇವೆ. ಕಡಿತ ಅಂದ ಕೂಡಲೇ ಅವರು ಕೊಡುವ ಕ್ರೀಮ್‌ಗಳಲ್ಲಿ ಎಷ್ಟೋ ಜೋರಾದ ಸ್ಟಿರಾಯ್ಡ್. ಎರಡೇ ದಿನದಲ್ಲಿ ಊತ ಇಳಿಯುತ್ತೆ, ನಮಗೂ ಖುಷಿ. ಆದರೆ ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರ ಕಂಡು, ಕೂದಲು ಬೆಳೆದು, ಬಿಟ್ಟರೆ ಉರಿ, ಹಚ್ಚಿದರೆ ಚಟ ಅನ್ನುವ ಸ್ಥಿತಿ ಬರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ವೈದ್ಯರು ಇಷ್ಟು ದಿನ, ಇಷ್ಟೇ ಜಾಗಕ್ಕೆ ಅಂತ ಕೊಟ್ಟರೆ ಅದು ಒಳ್ಳೆ ಔಷಧವೇ, ನಾವೇ ತಂದು ಹಚ್ಚುವುದು ತಪ್ಪು. ಅಲರ್ಜಿ ಮಾತ್ರೆ ಕಡಿತವನ್ನು ಸ್ವಲ್ಪ ತಗ್ಗಿಸಿ ನಿದ್ದೆ ಬರಿಸಬಹುದು, ಈ ತರಹದ ಊತವನ್ನು ಅದೊಂದೇ ಇಳಿಸುವುದಿಲ್ಲ.

ಕಣ್ಣು ಮುಚ್ಚುವಷ್ಟು ಊತ, ನೀರು ಕೀವು ಸೋರುವುದು, ಜ್ವರ, ಕಣ್ಣೊಳಗೆ ಡೈ ಹೋಗಿರುವುದು, ಇವು ಇದ್ದರೆ ಅವತ್ತೇ ತೋರಿಸಿ. ಶಿವಾಜಿನಗರ, ಹಲಸೂರಿನವರಿಗೆ ಬೌರಿಂಗ್ ಮತ್ತು ಲೇಡಿ ಕರ್ಜನ್ ಸರ್ಕಾರಿ ಆಸ್ಪತ್ರೆ ಹತ್ತಿರ, ಅಲ್ಲಿ ಚರ್ಮರೋಗ ವಿಭಾಗ ಇದೆ. ಇಂದಿರಾನಗರದವರು ಸರ್ ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಕೆ.ಆರ್. ಪುರದವರು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ ಚೀಟಿ ಬರೆಸಿಕೊಳ್ಳಬಹುದು. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗ ಇದೆ. ಹೋಗುವಾಗ ಡೈ ಪ್ಯಾಕೆಟ್ ತೆಗೆದುಕೊಂಡು ಹೋಗಿ. ಯಾವ ದಿನ, ಎಷ್ಟು ಹೊತ್ತಿಗೆ ಹಚ್ಚಿದ್ದು, ಕಡಿತ ಯಾವಾಗ ಶುರು ಅನ್ನುವುದನ್ನು ನೆನಪಿಟ್ಟು ಹೇಳಿ. ಮೊಬೈಲಿನಲ್ಲಿ ಊತದ ಫೋಟೋ ತೆಗೆದಿಟ್ಟರೆ ಒಳ್ಳೇದು, ಸರದಿ ಬರುವ ಹೊತ್ತಿಗೆ ಕೆಲವೊಮ್ಮೆ ಊತ ಇಳಿದಿರುತ್ತೆ.

ಎಲ್ಲ ಮಾಗಿದ ಮೇಲೆ ವೈದ್ಯರು "ಪ್ಯಾಚ್ ಟೆಸ್ಟ್" ಮಾಡಿಸಿ ಅನ್ನಬಹುದು. ಸೂಜಿ ಇಲ್ಲ, ಹೆದರಬೇಡಿ. ಬೆನ್ನಿನ ಮೇಲ್ಭಾಗಕ್ಕೆ ಪುಟ್ಟ ಪುಟ್ಟ ಬಟ್ಟಲಿನಂಥ ಪಟ್ಟಿ ಅಂಟಿಸುತ್ತಾರೆ, ಒಂದೊಂದರಲ್ಲಿ ಒಂದೊಂದು ವಸ್ತು. ಎರಡು ದಿನ ಬೆನ್ನಿಗೆ ನೀರು ಹಾಕಬಾರದು, ಬೆವರು ಬರುವ ಭಾರದ ಕೆಲಸ ಬೇಡ. ಎರಡನೇ ದಿನ ಬಿಚ್ಚಿ ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಮೂರು ಸಲ ಹೋಗಬೇಕು, ಕೂಲಿ ತಪ್ಪುತ್ತದೆ, ಅದು ಕಷ್ಟವೇ. ಆದರೆ ಯಾವ ವಸ್ತು ಆಗದು ಅಂತ ಹೆಸರು ಹಿಡಿದು ಬರೆದುಕೊಟ್ಟರೆ ಜೀವನಪೂರ್ತಿ ಊಹೆ ಮಾಡುವುದು ತಪ್ಪುತ್ತೆ. ಪಿಪಿಡಿ ಆಗದ ಕೆಲವರಿಗೆ ಕೆಲವು ಗಾಢ ಬಣ್ಣದ ಬಟ್ಟೆಯ ಡೈ, ಕಪ್ಪು ರಬ್ಬರ್, ಮರಗಟ್ಟಿಸುವ ಬೆಂಜೊಕೇನ್ ಅನ್ನುವ ಮುಲಾಮು ಕೂಡ ಆಗುವುದಿಲ್ಲ. ಹಲ್ಲಿನ ವೈದ್ಯರಿಗೂ, ಬೇರೆ ಯಾವುದೇ ವೈದ್ಯರಿಗೂ ಆ ಚೀಟಿ ತೋರಿಸಿ.

ಪಾರ್ಲರ್ ನಡೆಸುವ ಸದಸ್ಯೆಯರಿಗೆ

ಸಂಘದ ಸಾಲದಲ್ಲಿ ಬ್ಯೂಟಿಷಿಯನ್ ತರಬೇತಿ ಪಡೆದು ಮನೆಯಲ್ಲೇ ಪಾರ್ಲರ್ ಇಟ್ಟವರಿಗೆ ಅಪಾಯ ಎರಡು ಪಾಲು. ಗಿರಾಕಿಗಳು ತಿಂಗಳಿಗೊಮ್ಮೆ ಹಚ್ಚಿಸಿಕೊಂಡರೆ ನೀವು ದಿನಕ್ಕೆ ನಾಲ್ಕು ಸಲ ಮುಟ್ಟುತ್ತೀರಿ. ಬೆರಳ ಸಂದಿ ಬಿರಿದು, ಕೆಂಪಾಗಿ, ಕಡಿತ ಹತ್ತಿದರೆ ಅದು "ಸೋಪಿನಿಂದ" ಅಂತ ಬಿಡಬೇಡಿ. ಕೈಗೆ ಈ ಅಲರ್ಜಿ ನಿಂತುಬಿಟ್ಟರೆ ಕೆಲಸವನ್ನೇ ಬಿಡಬೇಕಾಗುತ್ತೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿ. ಕಲಸುವಾಗ, ಹಚ್ಚುವಾಗ ಮಾತ್ರವಲ್ಲ, ತೊಳೆಯುವಾಗಲೂ ಹಾಕಿ, ಹೆಚ್ಚಿನವರು ತೊಳೆಯುವಾಗ ತೆಗೆದುಬಿಡುತ್ತಾರೆ. ಒಮ್ಮೆ ಹಾಕಿದ್ದನ್ನು ಒಳಗೆ ಹೊರಗೆ ತಿರುಗಿಸಿ ಮತ್ತೆ ಹಾಕಬೇಡಿ.

ಗಿರಾಕಿಗೆ ಎರಡು ದಿನ ಮುಂಚೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಅಂದರೆ "ಪಕ್ಕದ ಪಾರ್ಲರ್‌ನಲ್ಲಿ ಹಾಗೇ ಹಚ್ತಾರೆ" ಅಂತ ಎದ್ದು ಹೋಗಬಹುದು. ಹೋಗಲಿ. ಒಂದು ನೋಟ್ ಪುಸ್ತಕ ಇಟ್ಟು ದಿನಾಂಕ, ಗಿರಾಕಿಯ ಹೆಸರು, ಯಾವ ಡೈ, ಬ್ಯಾಚ್ ನಂಬರ್, ಪರೀಕ್ಷೆ ಮಾಡಿದ್ದು ಯಾವಾಗ ಅಂತ ಬರೆದು ಸಹಿ ಹಾಕಿಸಿ. ಲೆಕ್ಕ ಬರೆಯುವುದು ನಮ್ಮ ಸಂಘದವರಿಗೆ ಹೊಸದೇನಲ್ಲ.

ಪ್ಯಾಕೆಟ್ ಬಗ್ಗೆ ಕೊನೆಯದಾಗಿ ಎರಡು ವಿಷಯ. ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಯಾವ ತಾರೀಖಿನೊಳಗೆ ಬಳಸಬೇಕು, ಇವಿಲ್ಲದ ಡೈ ತರಬೇಡಿ. ತೊಂದರೆ ಆದರೆ ಪ್ಯಾಕೆಟ್, ಉಳಿದ ಪುಡಿ, ಬಿಲ್ಲು, ಆಸ್ಪತ್ರೆ ಚೀಟಿ ಎಲ್ಲ ಜೋಪಾನ ಮಾಡಿ. 1915 ಅನ್ನುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಸಬಹುದು. ಎಚ್ಚರಿಕೆ ಬರಹವೇ ಇಲ್ಲದೆ ಮಾರುವುದು ನಿಯಮಕ್ಕೆ ವಿರುದ್ಧ.

ಇನ್ನೊಂದು, ಡೈ ಇಡುವ ಜಾಗ. ಇದು ಹೊಟ್ಟೆಗೆ ಹೋದರೆ ವಿಷ. ಮುಖ, ನಾಲಿಗೆ, ಗಂಟಲು ಊದಿ ಉಸಿರು ಕಟ್ಟುತ್ತದೆ, ಆಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಕಿಡ್ನಿ ಕೆಲಸ ನಿಲ್ಲಿಸಬಹುದು. ಇದಕ್ಕೆ ನೇರ ಮದ್ದು ಅಂತ ಇಲ್ಲ, ಬೇಗ ಆಸ್ಪತ್ರೆ ಸೇರಿದರೆ ಉಸಿರು, ಕಿಡ್ನಿ ಕಾಪಾಡಲು ವೈದ್ಯರಿಗೆ ಅವಕಾಶ ಸಿಗುತ್ತೆ. ಕರ್ನಾಟಕದ ದೊಡ್ಡ ಆಸ್ಪತ್ರೆಗಳ ವೈದ್ಯರಿಗೆ ಇದು ಪರಿಚಿತ. ಮಗು ಬಾಯಿಗೆ ಹಾಕಿಕೊಂಡಿತು ಅಂತ ಅನುಮಾನ ಬಂದರೂ, ಮನೆಯಲ್ಲಿ ಯಾರಾದರೂ ಮನಸ್ಸು ಕೆಟ್ಟು ಕುಡಿದರು ಅಂತ ಗೊತ್ತಾದರೂ, ವಾಂತಿ ಮಾಡಿಸುತ್ತಾ ಹೊತ್ತು ಕಳೆಯದೆ, ಬಯ್ಯದೆ, ಮರೆಮಾಚದೆ, ಪ್ಯಾಕೆಟ್ ಸಮೇತ ಆ ಕ್ಷಣವೇ ಹೊರಡಿ. ಡೈಯನ್ನು ಅಡುಗೆಮನೆ ಶೆಲ್ಫಿನಲ್ಲಿ ಕಾಫಿಪುಡಿ ಪಕ್ಕ ಇಡುವ ಬದಲು ಬೀಗ ಹಾಕುವ ಬೀರುವಿನಲ್ಲಿಡಿ, ಒಂದು ಸಲಕ್ಕೆ ಬೇಕಾದಷ್ಟೇ ತನ್ನಿ.